ಖಾಲಿ ಪಿಕಪ್ ಮಳೆಯಲ್ಲಿ ಜಾರುವುದು ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ವಾರಕ್ಕೆ ಮೂರು ಸಲ ಪಿಕಪ್‌ನಲ್ಲಿ ಬಾಳೆಗೊನೆ ತುಂಬಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ. ಲೋಡ್ ಇದ್ದಾಗ ಗಾಡಿ ಚೆನ್ನಾಗಿ ಕೂತು ಓಡುತ್ತದೆ. ಖಾಲಿ ವಾಪಸ್ ಬರುವಾಗ ಮಳೆ ಇದ್ದರೆ ಮಾತ್ರ ಕಷ್ಟ. ಘಾಟಿಯ ತಿರುವಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕಳೆದ ವಾರ ಹೆಬ್ರಿ ದಾಟಿ ಸೋಮೇಶ್ವರದ ಕಡೆ ಬರುವಾಗ ಬ್ರೇಕ್ ಒತ್ತಿದೆ, ಗಾಡಿ ರಸ್ತೆಗೆ ಅಡ್ಡ ತಿರುಗಿ ಮೋರಿ ಕಟ್ಟೆ ಪಕ್ಕ ನಿಂತಿತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ಏರ್ಪಾಡು) ಇಲ್ಲ. ಹಿಂದಿನ ಕಮಾನಿಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದ್ದೇನೆ. ಹಿಂದಿನ ಟೈರಿಗೆ ಯಾವಾಗಲೂ 60 ಗಾಳಿ. ಮುಂದಿನ ಎರಡು ಟೈರ್ ಹೊಸದು, ಹಳೆಯವು ಹಿಂದೆ ಇವೆ. ಒಬ್ಬರು ಮಡ್ ಟೈರ್ ಹಾಕಿಸು ಅಂತಾರೆ, ಒಬ್ಬರು ಗಾಳಿ ಇಳಿಸು ಅಂತಾರೆ, ಇನ್ನೊಬ್ಬರು ಫೋರ್ ವೀಲ್ ಡ್ರೈವ್ ತಗೋ ಅಂತಾರೆ. ಮನೆ ಹತ್ತಿರ ಕೊನೆಯ 200 ಮೀಟರ್ ಮಣ್ಣಿನ ಏರು ಬೇರೆ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಗಾಡಿ ಕೆಟ್ಟಿಲ್ಲ. ಖಾಲಿ ಪಿಕಪ್ ಮಳೆಯಲ್ಲಿ ಜಾರುವುದು ಅದರ ಹುಟ್ಟುಗುಣ. ಆದರೆ ಆ ಗುಣವನ್ನು ಇನ್ನಷ್ಟು ಕೆಡಿಸುವ ಮೂರು ಕೆಲಸವನ್ನು ನೀವೇ ಮಾಡಿಸಿಕೊಂಡಿದ್ದೀರಿ: ಜಾಸ್ತಿ ಪ್ಲೇಟ್, ಜಾಸ್ತಿ ಗಾಳಿ, ಹಿಂದೆ ಹಳೇ ಟೈರ್. ಹಾಗಾಗಿ ಹೊಸ ಸಾಮಾನು ಕೊಳ್ಳುವ ಮೊದಲು ಇವನ್ನು ಸರಿಮಾಡೋಣ. ಇದಕ್ಕೆ ಹೆಚ್ಚು ದುಡ್ಡು ಬೇಡ.

ಒಂದು ಲೆಕ್ಕ ನೋಡಿ. ಖಾಲಿ ಗಾಡಿ 1,700 ಕಿಲೋ ಎಂದು ಇಟ್ಟುಕೊಳ್ಳೋಣ. ಇಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್, ಡ್ರೈವರ್ ಎಲ್ಲ ಮುಂದೆ. ಅಲ್ಲಿಗೆ ಮುಂದಿನ ಚಕ್ರಗಳ ಮೇಲೆ ಸುಮಾರು 1,000 ಕಿಲೋ, ಹಿಂದಿನ ಎರಡರ ಮೇಲೆ 700 ಕಿಲೋ. ಬಾಳೆಗೊನೆ ತುಂಬಿದಾಗ ಬರುವ ಭಾರದಲ್ಲಿ ಬಹುಪಾಲು ಹಿಂದಕ್ಕೇ ಬೀಳುತ್ತದೆ. ಒಂದು ಟನ್ ಹಾಕಿದರೆ ಹಿಂದಿನ ಭಾರ ಒಂದೂವರೆ ಟನ್ ದಾಟುತ್ತದೆ. ಟೈರ್ ರಸ್ತೆಯನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎನ್ನುವುದು ಅದರ ಮೇಲೆ ಎಷ್ಟು ಭಾರ ಕೂತಿದೆ ಎನ್ನುವುದನ್ನು ಅವಲಂಬಿಸಿದೆ. ನಿಮ್ಮ ಗಾಡಿ ತಳ್ಳುವುದು ಹಿಂದಿನ ಚಕ್ರದಿಂದ. ಅಂದರೆ ಕೆಲಸ ಮಾಡುವ ಚಕ್ರದ ಮೇಲೆ ಭಾರವೇ ಇಲ್ಲ. ಒಣ ಟಾರಿನಲ್ಲಿ ಇದು ಗೊತ್ತಾಗುವುದಿಲ್ಲ. ರಸ್ತೆ ಒದ್ದೆಯಾದಾಗ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆಗ ಬಣ್ಣ ಬಯಲಾಗುತ್ತದೆ.

ಇನ್ನು ಆಗುಂಬೆಯ ತಿರುವುಗಳು. ಹದಿನಾಲ್ಕು ಹೇರ್‌ಪಿನ್. ಏರುವಾಗ ಗಾಡಿ ಹೊರಕ್ಕೆ ವಾಲುತ್ತದೆ, ಒಳಗಿನ ಹಿಂದಿನ ಚಕ್ರ ಹಗುರಾಗುತ್ತದೆ. ನಿಮ್ಮ ಡಿಫರೆನ್ಷಿಯಲ್, ಅಂದರೆ ಇಂಜಿನ್ನಿನ ತಿರುಗನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್, ಸಾಮಾನ್ಯದ್ದು. ಒಂದು ಚಕ್ರ ಜಾರಿದರೆ ಇಂಜಿನ್ನಿನ ತಿರುಗು ಅಲ್ಲೇ ಸೋರಿಹೋಗುತ್ತದೆ, ಇನ್ನೊಂದು ಚಕ್ರಕ್ಕೆ ಬಲ ಸಿಗುವುದಿಲ್ಲ. ನೀವು ಹೇಳಿದ ಗಿರಗಿರ ಇದೇ. ಅಲ್ಲಿ ಆಕ್ಸಲರೇಟರ್ ಜಾಸ್ತಿ ಕೊಟ್ಟಷ್ಟೂ ಜಾರುವುದು ಜಾಸ್ತಿ. ಪಾದ ಎತ್ತಿ, ಚಕ್ರ ಮತ್ತೆ ಹಿಡಿಯುವವರೆಗೆ ಕಾದು, ನಿಧಾನ ಒತ್ತಬೇಕು. ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿಕೊಂಡಿರಬೇಕು, ತಿರುವಿನ ಮಧ್ಯೆ ಅಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ ಸಾಲಿಗೆ ಬರುತ್ತೇನೆ. ಚಕ್ರ ಗಿರಗಿರ ತಿರುಗಿದ್ದಲ್ಲ, ಬ್ರೇಕ್ ಒತ್ತಿದಾಗ ಗಾಡಿ ಅಡ್ಡ ತಿರುಗಿದ್ದು. ಬ್ರೇಕಿನಲ್ಲಿ ಗಾಡಿ ಹಾಗೆ ತಿರುಗಿದರೆ ಸಾಮಾನ್ಯವಾಗಿ ಅರ್ಥ ಒಂದೇ: ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲೇ ಲಾಕ್ ಆಗಿವೆ, ಅಂದರೆ ತಿರುಗುವುದು ನಿಂತು ಜಾರತೊಡಗಿವೆ. ಮುಂದಿನವು ಮೊದಲು ಲಾಕ್ ಆದರೆ ಗಾಡಿ ಸ್ಟೇರಿಂಗ್ ಕೇಳುವುದಿಲ್ಲ, ಆದರೂ ನೇರ ಹೋಗುತ್ತದೆ. ಹಿಂದಿನವು ಲಾಕ್ ಆದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ.

ಹೀಗಾಗಬಾರದೆಂದೇ ಬಹುತೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ. ಗ್ಯಾರೇಜಿನಲ್ಲಿ ಎಲ್‌ಎಸ್‌ಪಿವಿ ಎಂದರೆ ಗೊತ್ತಾಗುತ್ತದೆ. ಚಾಸಿಗೆ ವಾಲ್ವ್, ಅಲ್ಲಿಂದ ಆಕ್ಸಲ್‌ಗೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್. ಲೋಡ್ ಬಿದ್ದು ಚಾಸಿ ಕೆಳಗೆ ಕೂತರೆ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಗಾಡಿ ಎತ್ತರಕ್ಕೆ ನಿಂತರೆ ಒತ್ತಡ ಕಡಿಮೆ ಮಾಡುತ್ತದೆ. ಬುದ್ಧಿವಂತ ಏರ್ಪಾಡು. ನಮ್ಮ ಕಡೆ ಅದರ ಗತಿ ಏನಾಗುತ್ತದೆ ಅಂದರೆ, ಕೆಸರು ತುಂಬಿ ತುಕ್ಕು ಹಿಡಿದು ಕಡ್ಡಿ ಸಿಕ್ಕಿಕೊಳ್ಳುತ್ತದೆ. ಅಥವಾ ಪ್ಲೇಟ್ ಹಾಕಿಸಿದ ಮೇಲೆ “ಲೋಡಿನಲ್ಲಿ ಹಿಂದೆ ಬ್ರೇಕ್ ಸಾಲ್ತಿಲ್ಲ” ಎಂದು ಯಾರೋ ಆ ಕಡ್ಡಿಯನ್ನು ತಂತಿಯಿಂದ ಬಿಗಿದು ಬಿಟ್ಟಿರುತ್ತಾರೆ. ಆಗ ವಾಲ್ವ್‌ಗೆ ಗಾಡಿ ಸದಾ ತುಂಬಿದ ಹಾಗೆಯೇ ಕಾಣುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ತುಂಬಿದ ಗಾಡಿಯ ಬ್ರೇಕ್ ಬೀಳುತ್ತದೆ. ಮಳೆಯಲ್ಲಿ ಇದಕ್ಕಿಂತ ಅಪಾಯದ ಜೋಡಿ ಇನ್ನೊಂದಿಲ್ಲ.

ಪ್ಲೇಟಿನ ಕಥೆಯೂ ಇಲ್ಲೇ ಸೇರುತ್ತದೆ. ಎರಡು ಪ್ಲೇಟ್ ಜಾಸ್ತಿಯಾದಾಗ ಗಾಡಿ ಲೋಡಿನಲ್ಲೂ ಎತ್ತರಕ್ಕೇ ನಿಲ್ಲುತ್ತದೆ. ಕಡ್ಡಿ ಸರಿಯಾಗಿಯೇ ಇದ್ದರೂ ವಾಲ್ವ್ ಅದನ್ನು ಖಾಲಿ ಎಂದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಲೋಡ್ ತುಂಬಿಕೊಂಡು ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಒಂದೇ ದುಡಿದು ಕಾಯುತ್ತದೆ. ಕಡ್ಡಿ ಬಿಗಿದರೆ ಖಾಲಿಯಲ್ಲಿ ಅಪಾಯ, ಬಿಗಿಯದಿದ್ದರೆ ಲೋಡಿನಲ್ಲಿ ಅಪಾಯ. ಇನ್ನೊಂದು ಮಾತು: ಗಟ್ಟಿ ಕಮಾನಿನ ಮೇಲೆ ಖಾಲಿ ಗಾಡಿ ಸಣ್ಣ ಗುಂಡಿಗೂ ಕುಪ್ಪಳಿಸುತ್ತದೆ. ಕುಪ್ಪಳಿಸಿದ ಆ ಕ್ಷಣ ಟೈರ್ ರಸ್ತೆಯ ಮೇಲೆ ಇರುವುದೇ ಇಲ್ಲ. ಶಾಕ್ ಅಬ್ಸಾರ್ಬರ್ ಸೋರಿದ್ದರೆ ಕೇಳುವುದೇ ಬೇಡ.

ಹಾಗಾಗಿ ಮೊದಲ ಕೆಲಸ: ಎರಡೂ ಪ್ಲೇಟ್ ತೆಗೆಸಿ, ಕಂಪನಿ ಕೊಟ್ಟ ಲೆಕ್ಕಕ್ಕೆ ತನ್ನಿ. ಆಮೇಲೆ ಎಲ್‌ಎಸ್‌ಪಿವಿ ಕಡ್ಡಿ ಬಿಡಿಯಾಗಿ ಆಡುತ್ತಿದೆಯೇ ನೋಡಿಸಿ, ಕಂಪನಿಯ ಅಳತೆಗೆ ಸೆಟ್ ಮಾಡಿಸಿ. ಇದನ್ನು ಕಣ್ಣಂದಾಜಿನಲ್ಲಿ ಮಾಡುವ ಕಡೆ ಬೇಡ. ಹಿಂದಿನ ಡ್ರಮ್ ಎರಡನ್ನೂ ಬಿಚ್ಚಿಸಿ. ಆಕ್ಸಲ್ ಸೀಲ್ ಸೋರಿ ಒಂದು ಕಡೆಯ ಬ್ರೇಕ್ ಶೂಗೆ ಆಯಿಲ್ ಹತ್ತಿದ್ದರೆ ಎರಡು ಕಡೆಯ ಬ್ರೇಕ್ ಸಮ ಇರುವುದಿಲ್ಲ, ಗಾಡಿ ಅಡ್ಡ ಹೋಗಲು ಅದೂ ಸಾಕು. “ಪ್ಲೇಟ್ ತೆಗೆದರೆ ಲೋಡ್ ಹೊರುವುದು ಹೇಗೆ?” ಅನ್ನುತ್ತೀರಿ ಅಲ್ವಾ? ಆರ್‌ಸಿಯಲ್ಲಿ ಬರೆದಷ್ಟು ಲೋಡಿಗೆ ಕಂಪನಿ ಪ್ಲೇಟ್ ಸಾಕು. ಅದಕ್ಕಿಂತ ಜಾಸ್ತಿ ಹಾಕುತ್ತಿದ್ದೀರಾದರೆ ಅದು ಬೇರೆಯೇ ಪತ್ರದ ವಿಷಯ.

ಎರಡನೆಯದು ಗಾಳಿ. ಯಾವಾಗಲೂ 60 ಅಂದಿರಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲೋ ಗಾಡಿ ಪುಸ್ತಕದಲ್ಲೋ ಗಾಳಿಯ ಲೆಕ್ಕ ಇರುತ್ತದೆ. ಹಲವು ಪಿಕಪ್‌ಗಳಲ್ಲಿ ಖಾಲಿಗೆ ಒಂದು, ಲೋಡಿಗೆ ಒಂದು ಕೊಟ್ಟಿರುತ್ತಾರೆ. 60ರ ಆಸುಪಾಸಿನ ಗಾಳಿ ತುಂಬಿದ ಗಾಡಿಗೆ ಸರಿ ಇರಬಹುದು. ಅದೇ ಗಾಳಿಯಲ್ಲಿ ಖಾಲಿ ಬಂದರೆ ಟೈರ್ ಚೆಂಡಿನ ಹಾಗೆ ಉಬ್ಬಿ ನಡುವಿನ ಪಟ್ಟಿಯಷ್ಟೇ ರಸ್ತೆ ಮುಟ್ಟುತ್ತದೆ. ನಂಬಿಕೆ ಬರದಿದ್ದರೆ ಒಣ ದಿನ ಒಂದು ಪರೀಕ್ಷೆ ಮಾಡಿ. ಟೈರಿನ ಅಗಲಕ್ಕೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯಿರಿ. ನೇರ ರಸ್ತೆಯಲ್ಲಿ ನೂರು ಮೀಟರ್ ನಿಧಾನ ಓಡಿಸಿ ಇಳಿದು ನೋಡಿ. ಸುಣ್ಣ ಅಗಲಕ್ಕೂ ಅಳಿಸಿದ್ದರೆ ಗಾಳಿ ಸರಿ. ನಡುವೆ ಮಾತ್ರ ಅಳಿಸಿದ್ದರೆ ಜಾಸ್ತಿ. ಅಂಚು ಮಾತ್ರ ಅಳಿಸಿದ್ದರೆ ಕಡಿಮೆ.

ಹಾಗಂತ ಗಾಳಿ ಇಳಿಸು ಎಂದ ನಿಮ್ಮ ಸ್ನೇಹಿತರ ಮಾತೂ ಪೂರ್ತಿ ಸರಿಯಲ್ಲ. ಕೆಸರು, ಮರಳಿನಲ್ಲಿ ನಿಧಾನ ಹೋಗುವಾಗ ಗಾಳಿ ಇಳಿಸಿದರೆ ಟೈರ್ ಅಗಲವಾಗಿ ಹರಡಿ ತೇಲಿಸುತ್ತದೆ. ನೀರು ನಿಂತ ಟಾರಿನಲ್ಲಿ ಆ ತೇಲುವುದೇ ಶತ್ರು. ನಾಸಾದವರು 1963ರಲ್ಲಿ ವಿಮಾನದ ಟೈರುಗಳ ಮೇಲಿನ ಪ್ರಯೋಗಗಳಿಂದ ಒಂದು ಸೂತ್ರ ಕೊಟ್ಟರು. ಟೈರ್ ನೀರಿನ ಮೇಲೆ ತೇಲತೊಡಗುವ ವೇಗ ಒಳಗಿನ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ ಎನ್ನುವುದು ಅದರ ಸಾರ. 36 ಪಿಎಸ್‌ಐ (ನೀವು 60 ಅಂದದ್ದೂ ಇದೇ ಅಳತೆ) ಇದ್ದರೆ ಗಂಟೆಗೆ ಸುಮಾರು 100 ಕಿ.ಮೀ., 25 ಇದ್ದರೆ 83. ಗಾಳಿ ಇಳಿದಷ್ಟೂ ಬೇಗ ತೇಲುತ್ತದೆ.

“ಹಾಗಾದರೆ ನನ್ನ 60 ಗಾಳಿ ಒಳ್ಳೆಯದೇ ಅಲ್ವಾ?” ಎಂದು ಕೇಳುವವರು ಇದ್ದೇ ಇರುತ್ತಾರೆ. ಅಲ್ಲ. ಆ ಸೂತ್ರ ಮೈತುಂಬ ಭಾರ ಹೊತ್ತ ಟೈರಿಗೆ. ಖಾಲಿ ಲಾರಿಯ ಟೈರ್ ರಸ್ತೆಯನ್ನು ಮುಟ್ಟುವ ಜಾಗ ಉದ್ದಕ್ಕೆ ತೀರಾ ಗಿಡ್ಡವಾಗುತ್ತದೆ. ನೀರನ್ನು ಸೀಳಿ ಬದಿಗೆ ತಳ್ಳಲು ಅದಕ್ಕೆ ಸಮಯವೇ ಸಾಲದು, ಲೆಕ್ಕ ಹೇಳುವುದಕ್ಕಿಂತ ಕಡಿಮೆ ವೇಗದಲ್ಲೇ ತೇಲುತ್ತದೆ. ಇದನ್ನು 1980ರ ದಶಕದಲ್ಲಿ ಲಾರಿ ಟೈರ್‌ಗಳ ಅಧ್ಯಯನದಲ್ಲೂ ಕಂಡುಕೊಂಡರು. ಆದ್ದರಿಂದ ಕಂಪನಿ ಖಾಲಿ ಗಾಡಿಗೆ ಹೇಳಿದ ಗಾಳಿ ಎಷ್ಟೋ ಅಷ್ಟು. ಅದಕ್ಕಿಂತ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಉಡುಪಿಯಲ್ಲಿ ಲೋಡ್ ಇಳಿಸಿದ ಮೇಲೆ ಐದು ನಿಮಿಷ ನಿಂತು ಆ ಲೆಕ್ಕಕ್ಕೆ ಗಾಳಿ ಇಳಿಸಿಕೊಳ್ಳಿ. ಮಾರನೇ ಲೋಡಿಗೆ ಮತ್ತೆ ತುಂಬಿಸಿ. ರಗಳೆ ಹೌದು. ಸಿಗರೇಟ್ ಲೈಟರ್ ತೂತಿಗೆ ಚುಚ್ಚುವ ಸಣ್ಣ ಪಂಪ್ ಇಟ್ಟುಕೊಂಡರೆ ರಗಳೆ ಅರ್ಧ ಕಡಿಮೆ. ಒಂದು ಸ್ವಂತ ಗೇಜ್ ಮಾತ್ರ ಇರಲಿ. ಪಂಕ್ಚರ್ ಅಂಗಡಿಯ ಗೇಜುಗಳಲ್ಲಿ ಎರಡು ಒಂದೇ ಥರ ತೋರಿಸಿದ್ದು ನಾನು ನೋಡಿಲ್ಲ.

ಇನ್ನು ಭಾರ. ಖಾಲಿ ಬರುವಾಗ ಹಿಂದೆ ಸ್ವಲ್ಪ ತೂಕ ಹಾಕಿಕೊಳ್ಳುವುದು ಹಳೇ ಉಪಾಯ, ಕೆಲಸ ಮಾಡುತ್ತದೆ. 160 ಕಿಲೋ ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟರೆ ನಮ್ಮ ಲೆಕ್ಕದ 700 ಕಿಲೋ 860 ಆಗುತ್ತದೆ. ಶೇ 23ರಷ್ಟು ಹೆಚ್ಚು ಹಿಡಿತ, ಮರಳಿನ ಖರ್ಚಿನಲ್ಲಿ. ಆದರೆ ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಹೆಚ್ಚಿನವರು ಎತ್ತಿ ಹಾಕುವುದು ಸುಲಭ ಎಂದು ಹಿಂಬಾಗಿಲ ಪಕ್ಕವೇ ಇಡುತ್ತಾರೆ. ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ಏತದ ಹಾಗೆ ಮುಂಭಾಗವನ್ನು ಎತ್ತುತ್ತದೆ. ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ಇಟ್ಟ 160 ಕಿಲೋ ಮುಂದಿನ ಚಕ್ರಗಳಿಂದ 50 ಕಿಲೋದಷ್ಟು ಕದಿಯುತ್ತದೆ. ತಿರುಗಿಸುವುದೂ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಮುಂದಿನ ಚಕ್ರವೇ. ಆದ್ದರಿಂದ ಚಕ್ರದ ಮೇಲೆ, ಅಥವಾ ಒಂದು ಗೇಣು ಮುಂದಕ್ಕೆ.

ಮರಳು ತುಂಬಲು ಯೂರಿಯಾ ಚೀಲ ಬಳಸುತ್ತೀರಿ, ಗೊತ್ತು. ಒಂದು ಎಚ್ಚರ. 45 ಕಿಲೋ ಯೂರಿಯಾ ಹಿಡಿಯುವ ಚೀಲಕ್ಕೆ ಬಾಯಿತನಕ ಮರಳು ತುಂಬಿದರೆ 90 ಕಿಲೋ ಹತ್ತಿರ ಹೋಗುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಅರ್ಧಕ್ಕಿಂತ ತುಸು ಕಡಿಮೆ, 40 ಕಿಲೋದಷ್ಟು ತುಂಬಿ ಬಾಯಿ ಕಟ್ಟಿ. ಅಂಥ ನಾಲ್ಕು ಚೀಲ ಸಾಕು. ಮೇಲೆ ಹಗ್ಗ ಹಾಕಿ ಬಿಗಿಯಲೇಬೇಕು. ಒಂದು ಮಳೆಗಾಲದಲ್ಲಿ ನಾನೇ ನಾಲ್ಕು ಸೈಜುಗಲ್ಲು ಹಾಕಿಕೊಂಡು ಕಟ್ಟದೆ ಹೊರಟಿದ್ದೆ. ಅಡ್ಡ ಬಂದ ಎಮ್ಮೆಗೆ ಬ್ರೇಕ್ ಹಾಕಿದಾಗ ಒಂದು ಕಲ್ಲು ಜಾರಿಕೊಂಡು ಬಂದು ಕ್ಯಾಬಿನ್ನಿನ ಹಿಂಭಾಗಕ್ಕೆ ಬಡಿಯಿತು. ತಗಡು ಒಳಕ್ಕೆ ಬಂದದ್ದು ನನ್ನ ಬೆನ್ನಿಗೆ ಎರಡು ಬೆರಳು ದೂರದಲ್ಲಿ. ಎಮ್ಮೆ ತಿರುಗಿಯೂ ನೋಡಲಿಲ್ಲ. ಕಲ್ಲು ಬೇಡ, ಅರ್ಧ ತುಂಬಿದ ನೀರಿನ ಡ್ರಮ್ಮೂ ಬೇಡ, ತಿರುವಿನಲ್ಲಿ ಆ ನೀರೇ ಗಾಡಿಯನ್ನು ತಳ್ಳುತ್ತದೆ. ಲೋಡ್ ತುಂಬುವ ದಿನ ಚೀಲ ಕೆಳಗಿಳಿಸಲು ಮರೆಯಬೇಡಿ, ಅದೂ ಲೋಡಿನ ಲೆಕ್ಕಕ್ಕೇ ಸೇರುತ್ತದೆ. ಹಿಂತಿರುಗುವಾಗ ಬೇರೆ ಬಾಡಿಗೆ ಸಿಕ್ಕರೆ ಮರಳೂ ಬೇಡ. ಉಡುಪಿಯಿಂದ ಹಿಂಡಿ ಚೀಲ ತಂದರೆ ಹಿಡಿತವೂ ಬಂತು, ಬಾಡಿಗೆಯೂ ಬಂತು.

ಟೈರ್ ವಿಷಯ. ಹೊಸದನ್ನು ಮುಂದೆ ಹಾಕುವುದು ನಮ್ಮಲ್ಲಿ ರೂಢಿ. ಸ್ಟೇರಿಂಗ್ ಮುಂದೆ ಇದೆ, ಟೈರ್ ಸಿಡಿದರೆ ಎನ್ನುವ ಭಯ. ಆದರೆ ದೊಡ್ಡ ಟೈರ್ ಕಂಪನಿಗಳೇ, ಎರಡೇ ಹೊಸದಿದ್ದರೆ ಹಿಂದಕ್ಕೆ ಹಾಕಿ ಎನ್ನುತ್ತವೆ. ಕಾರಣ ಮೇಲೆ ಹೇಳಿದ್ದೇ: ಮುಂಭಾಗ ಜಾರಿದರೆ ನಿಧಾನ ಮಾಡಿ ಸರಿಪಡಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಹೆಚ್ಚಿನವರಿಗೆ ಆಗುವುದಿಲ್ಲ. ನಿಮ್ಮದು ಹಿಂಚಕ್ರದ ಗಾಡಿ, ಕಾರಣ ಎರಡಾಯಿತು. ಅಳತೆ ಒಂದೇ ಇದ್ದರೆ ಇವತ್ತೇ ಹಿಂದೆ ಮುಂದೆ ಬದಲಿಸಿ. ಹಳೆಯವು ತೀರಾ ಸವೆದಿದ್ದರೆ ಮುಂದಕ್ಕೂ ಬೇಡ, ಗುಜರಿಗೆ.

ಸವೆದಿದೆಯೇ ಎಂದು ತಿಳಿಯುವುದು ಸುಲಭ. ಟೈರಿನ ಹಲ್ಲುಗಳ ನಡುವಿನ ಕಾಲುವೆಯೊಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಹಲ್ಲು ಆ ದಿಬ್ಬದ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಉಳಿದಿದೆ ಎಂದು ಲೆಕ್ಕ. ಕಾನೂನಿನ ಕೊನೆಯ ಗಡಿ ಅದು. ಮಲೆನಾಡಿನ ಮಳೆಗೆ ಆ ಗಡಿ ತುಂಬ ತಡ. ನಾನು 3 ಮಿ.ಮೀ.ಗೇ ಬದಲಿಸುತ್ತೇನೆ. ಬೆಂಕಿಕಡ್ಡಿ ಒಳಗೆ ಇಳಿಸಿ, ಉಗುರಿನಿಂದ ಗುರುತು ಮಾಡಿ, ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ವಯಸ್ಸೂ ನೋಡಿ. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾದ ಹಳೇ ಟೈರ್ ಒದ್ದೆ ರಸ್ತೆಯಲ್ಲಿ ಪ್ಲಾಸ್ಟಿಕ್ ಚಪ್ಪಲಿಯ ಹಾಗೆ.

ಮಡ್ ಟೈರ್ ಬೇಡ. ದೊಡ್ಡ ದೊಡ್ಡ ಹಲ್ಲು ನೋಡಿ ಜನ ಮೋಸ ಹೋಗುತ್ತಾರೆ. ಅದು ಕೆಸರಿಗೆ ಕಚ್ಚಲು ಮಾಡಿದ್ದು. ಟಾರಿಗೆ ಕಚ್ಚಲು ಆಗುವುದಿಲ್ಲ, ಅಂಟಿಕೊಳ್ಳಬೇಕು. ಅದಕ್ಕೆ ರಬ್ಬರ್ ಹೆಚ್ಚು ಜಾಗದಲ್ಲಿ ರಸ್ತೆ ಮುಟ್ಟಬೇಕು, ಹಲ್ಲಿನ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳಿರಬೇಕು. ತೆಳು ನೀರಿನ ಪದರವನ್ನು ಒಡೆದು ರಸ್ತೆ ಹಿಡಿಯುವುದು ಆ ಸೀಳುಗಳು. ನೀವು ಓಡುವ ದಾರಿಯಲ್ಲಿ 200 ಮೀಟರ್ ಬಿಟ್ಟರೆ ಎಲ್ಲ ಟಾರು. ಉದ್ದಕ್ಕೆ ಆಳವಾದ ಕಾಲುವೆ, ಸಾಕಷ್ಟು ಸೀಳು ಇರುವ ರೇಡಿಯಲ್ ಟೈರ್ ತಗೊಳ್ಳಿ. ಲೋಡ್ ನಂಬರ್ (ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ತಿಳಿಸುವ ಅಂಕಿ) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಟೈರುಗಳ ಒದ್ದೆ ರಸ್ತೆಯ ಹಿಡಿತಕ್ಕೆ ಎಐಎಸ್ 142 ಮಾನದಂಡ ಪಾಲಿಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಅಧಿಸೂಚನೆ ಹೊರಡಿಸಿದೆ. ಅಂಗಡಿಯಲ್ಲಿ ಮೂಲೆಯಲ್ಲಿ ಬಿದ್ದ ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೆ ಬೇಡ ಎನ್ನಿ.

ಫೋರ್ ವೀಲ್ ಡ್ರೈವ್ ಬಗ್ಗೆ ಎರಡೇ ಮಾತು. ಅದು ಹೊರಡಲು, ಏರಲು ಸಹಾಯ ಮಾಡುತ್ತದೆ. ನಿಲ್ಲಿಸಲು ಏನೂ ಮಾಡುವುದಿಲ್ಲ. ನೀವು ಮೋರಿ ಹತ್ತಿರ ಹೋದದ್ದು ನಿಲ್ಲಿಸುವಾಗ.

ನಿಲ್ಲುವ ದೂರವನ್ನೂ ಒಮ್ಮೆ ಲೆಕ್ಕ ಹಾಕಿ. 60ರಲ್ಲಿ ಹೋಗುತ್ತಿದ್ದರೆ ಅಪಾಯ ಕಂಡು ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲೇ 17 ಮೀಟರ್ ಹೋಗಿರುತ್ತದೆ. ಆಮೇಲೆ ಒಣ ಟಾರಿನಲ್ಲಿ ಸುಮಾರು 20 ಮೀಟರಿಗೆ ನಿಂತರೆ, ಒದ್ದೆಯಲ್ಲಿ 35 ಮೀಟರ್ ಬೇಕು. ಒಟ್ಟು 52. ಇದು ಟೈರ್, ಬ್ರೇಕ್ ಎಲ್ಲ ಸರಿ ಇದ್ದಾಗಿನ ಮಾತು. ಸೋಮೇಶ್ವರದ ಕಾಡಿನ ತಿರುವುಗಳಲ್ಲಿ ನಿಮಗೆ ಎದುರು ಅಷ್ಟು ದೂರ ರಸ್ತೆ ಕಾಣುತ್ತದೆಯೇ, ನೀವೇ ನೋಡಿಕೊಳ್ಳಿ.

ರಸ್ತೆಯೂ ಎಲ್ಲ ಕಡೆ ಒಂದೇ ಥರ ಒದ್ದೆಯಲ್ಲ. ಬೇಸಿಗೆಯಿಡೀ ಕೂತ ಎಣ್ಣೆ, ಧೂಳು, ರಬ್ಬರ್ ಪುಡಿ ಮೊದಲ ಮಳೆಗೆ ಕಲಸಿ ಸಾಬೂನಿನ ಹಾಗಾಗುತ್ತದೆ. ಜೂನ್ ಮೊದಲ ಅರ್ಧ ಗಂಟೆಯ ಮಳೆ ಜುಲೈನ ಜಡಿಮಳೆಗಿಂತ ಕೆಟ್ಟದ್ದು. ಜುಲೈ ಮುಗಿಯುವ ಹೊತ್ತಿಗೆ ಬಿಸಿಲು ಬೀಳದ ತಿರುವುಗಳಲ್ಲಿ ಅಂಚಿಗೆ ಪಾಚಿ ಕಟ್ಟಿರುತ್ತದೆ. ಎದುರು ಬಸ್ ಬಂತೆಂದು ಆ ಅಂಚಿಗೆ ಇಳಿದು ಅಲ್ಲೇ ಬ್ರೇಕ್ ಒತ್ತಬೇಡಿ, ಇಳಿಯುವ ಮೊದಲೇ ನಿಧಾನ ಮಾಡಿ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜಾಯಿಂಟ್, ತೋಟದ ಗೇಟಿನ ಎದುರು ಟ್ರ್ಯಾಕ್ಟರ್ ತಂದು ಸುರಿದ ಕೆಂಪು ಮಣ್ಣು, ಇವೂ ಅಷ್ಟೇ. ರಸ್ತೆಯ ಮೇಲೆ ನೀರು ಹರಿಯುವ ಜಾಗ ದಾಟಿದ ಮೇಲೆ ಕಾಲು ಹಗುರಾಗಿ ಬ್ರೇಕ್ ಮೇಲಿಟ್ಟು ಸ್ವಲ್ಪ ದೂರ ಓಡಿಸಿ, ಡ್ರಮ್ ಒಣಗುತ್ತದೆ.

ಖಾಲಿ ಇಳಿಯುವ ದಿನ ಇನ್ನೊಂದು ಎಚ್ಚರ ಬೇಕು. ಇಂಜಿನ್ ಬ್ರೇಕ್ ಒಳ್ಳೆಯದು ಎಂದು ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ತಟ್ಟನೆ ಬಿಟ್ಟರೆ, ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೆಯೇ. ಕ್ಲಚ್ ನಿಧಾನ ಬಿಡಿ. ನ್ಯೂಟ್ರಲ್‌ನಲ್ಲಂತೂ ಇಳಿಯಲೇಬೇಡಿ. ಮತ್ತೆ ಹಿಂಭಾಗ ಜಾರಿತು ಅಂದರೆ ಬ್ರೇಕ್ ಬಿಡಿ, ಕ್ಲಚ್ ಒತ್ತಿ, ಹಿಂಭಾಗ ಯಾವ ಕಡೆ ಹೋಯಿತೋ ಸ್ಟೇರಿಂಗ್ ಅದೇ ಕಡೆ ತಿರುಗಿಸಿ. ಗಾಡಿ ನೇರವಾಗುತ್ತಿದ್ದಂತೆ ಸ್ಟೇರಿಂಗ್ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಇನ್ನೊಂದು ಕಡೆಗೆ ಬೀಸುತ್ತದೆ. ಓದಿ ಕಲಿಯುವ ವಿದ್ಯೆ ಇದಲ್ಲ. ಊರಿನ ಖಾಲಿ ಮೈದಾನ ಒದ್ದೆಯಾದಾಗ, ಸುತ್ತ ಯಾರೂ ಇಲ್ಲದಾಗ, 20ರ ವೇಗದಲ್ಲಿ ಎರಡು ಸಲ ಮಾಡಿ ನೋಡಿ. ಕೈಗೆ ಗೊತ್ತಾಗುತ್ತದೆ.

ಕೊನೆಗೆ ಮನೆಯ ಏರು. ಅದಕ್ಕೆ ಗಾಡಿ ಬದಲಿಸಬೇಡಿ, ಏರನ್ನು ಬದಲಿಸಿ. ಮೇಲಿನಿಂದ ಬರುವ ನೀರು ದಾರಿಯ ಮಧ್ಯೆಯೇ ಇಳಿಯುತ್ತಿದ್ದರೆ ಎಷ್ಟು ಜಲ್ಲಿ ಸುರಿದರೂ ತೋಡಿಗೆ ಹೋಗುತ್ತದೆ. ಮಳೆ ಬಿಟ್ಟ ಒಂದು ವಾರ ನೋಡಿಕೊಂಡು ಗುಡ್ಡದ ಬದಿಗೆ ಚರಂಡಿ ಹೊಡೆಸಿ, ನೀರನ್ನು ಅಲ್ಲಲ್ಲಿ ಅಡ್ಡಲಾಗಿ ಹೊರಗೆ ಬಿಡಿ. ಆಮೇಲೆ ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ ಜಲ್ಲಿ, ಒಡೆದ ಜಂಬಿಟ್ಟಿಗೆ ಹಾಕಿ ಬಡಿಸಿ. ಅಡಿಕೆ ಸಿಪ್ಪೆ ಹರಡಬೇಡಿ, ಒಂದು ವಾರಕ್ಕೆ ಕೊಳೆತು ಅದೇ ಜಾರುತ್ತದೆ. ಈ ವರ್ಷಕ್ಕೆ ಅದೆಲ್ಲ ಆಗದಿದ್ದರೆ, ಎಸ್ಟೇಟ್ ಜೀಪಿನವರು ಮಳೆಗಾಲದಲ್ಲಿ ಕಟ್ಟುವ ಹಾಗೆ ಹಿಂದಿನ ಎರಡು ಚಕ್ರಕ್ಕೆ ಚೈನ್ ಕಟ್ಟಿಕೊಳ್ಳಿ. ಏರಿನ ಬುಡದಲ್ಲಿ ಒಂದು ತಗಡಿನ ಮಾಡು ಇದ್ದರೆ ಕಟ್ಟಲು, ಬಿಚ್ಚಲು ಅನುಕೂಲ. ಟಾರಿಗೆ ಹೋಗುವ ಮೊದಲು ಬಿಚ್ಚಿಬಿಡಿ, ಒದ್ದೆ ಟಾರಿನ ಮೇಲೆ ಕಬ್ಬಿಣ ರಬ್ಬರಿಗಿಂತಲೂ ಜಾರುತ್ತದೆ.